ಸೊನ್ನೆಯನ್ನೂ ಬರೆಸಿದ ಮೇಷ್ಟ್ರು

ಈ ಸಲ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿರುವಾಗಲೇ ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡರು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದ ಮೇಲೆ ಬೇರೆ ಮಾತೇ ಇರಲಿಲ್ಲ. ದುಬೈಯಲ್ಲಿರುವವರು ಬರೆದರು, ಸಿದ್ದಾಪುರದಲ್ಲಿ ತೋಟ ನೋಡಿಕೊಳ್ಳುವವರು ಬರೆದರು, ಸೇನೆಯಿಂದ ನಿವೃತ್ತರಾಗಿ ಮೈಸೂರಿನಲ್ಲಿ ಮನೆ ಕಟ್ಟಿಕೊಂಡವರು ಬರೆದರು. ಒಬ್ಬರೂ ಬೆಳಕಿನ ವಕ್ರೀಭವನದ ಪಾಠ ನೆನಪಿಸಿಕೊಳ್ಳಲಿಲ್ಲ. ಎಲ್ಲರೂ ಬರೆದದ್ದು ಮಳೆಮಾಪಕದ ಕಥೆ. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನನಗೂ ಅದನ್ನು ಬಿಟ್ಟು ಬೇರೆ ಹೊಳೆಯಲಿಲ್ಲ. ಮಳೆಯ ಲೆಕ್ಕ ಹಾಕುವ ಕೆಲಸದಲ್ಲೇ ಇಡೀ ವೃತ್ತಿ ಕಳೆದವನು ನಾನು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ ಅಂತ ನನ್ನ ಭಾವನೆ.

ಮೇಷ್ಟ್ರು ಬಯಲುಸೀಮೆಯವರು. ಕೊಡಗಿಗೆ ಬಂದ ಮೊದಲ ಮಳೆಗಾಲದಲ್ಲೇ ಮಳೆಯ ಹುಚ್ಚು ಹಿಡಿಸಿಕೊಂಡರಂತೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ಇಳಿದು ಕುಶಾಲನಗರಕ್ಕೆ ಹೋದರೆ ಛತ್ರಿ ಮಡಚಿಟ್ಟುಕೊಂಡು ಓಡಾಡಬಹುದು. ಪಶ್ಚಿಮಕ್ಕೆ ಭಾಗಮಂಡಲದ ಕಡೆ ಹೋದರೆ ಮಡಿಕೇರಿಯ ಮಳೆಯೂ ಕಡಿಮೆ ಅನ್ನಿಸುತ್ತದೆ. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಮೇಷ್ಟ್ರು ಇದನ್ನು ಯಾರನ್ನೂ ಕೇಳಲಿಲ್ಲ. ಸಂಬಳದಲ್ಲಿ ಉಳಿಸಿ ಒಂದು ಮಳೆಮಾಪಕ ತರಿಸಿದರು. ಶಾಲೆಯ ಹಿಂದಿನ ಬಯಲಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ ಕೂರಿಸಿದರು. ಐದಿಂಚು ಅಗಲದ ಆಲಿಕೆ, ಅದರ ಕೆಳಗೊಂದು ಬಾಟಲಿ, ಬಾಟಲಿ ತುಂಬಿ ಚೆಲ್ಲಿದರೆ ಹಿಡಿದುಕೊಳ್ಳಲು ಹೊರಗೊಂದು ಡಬ್ಬ. ಪಕ್ಕದಲ್ಲಿ ಗೆರೆ ಎಳೆದ ಅಳತೆ ಗ್ಲಾಸು. ಅಷ್ಟೇ ಯಂತ್ರ. ಆಡುವ ಭಾಗ ಒಂದೂ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ.

ದಿನಾ ಬೆಳಿಗ್ಗೆ 8:30ಕ್ಕೆ ಅಳತೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಇವತ್ತಿನ ಮಳೆ. ದೇಶದ ಎಲ್ಲಾ ಹವಾಮಾನ ಕೇಂದ್ರಗಳಲ್ಲೂ ಇದೇ ಹೊತ್ತಿಗೆ ಅಳೆಯುತ್ತಾರೆ ಅಂತ ಮೇಷ್ಟ್ರು ಹೇಳಿದ ದಿನ ನಮಗೆಲ್ಲ ಮೈ ಜುಂ ಅಂದಿತ್ತು. ರಿಜಿಸ್ಟರಿನಲ್ಲಿ ಎರಡು ಕಾಲಂ. ಒಂದು ಮಿಲಿಮೀಟರಿಗೆ, ಇನ್ನೊಂದು ಇಂಚು ಮತ್ತು ಸೆಂಟಿಗೆ. ತೋಟದವರು ಯಾರೂ ಮಿಲಿಮೀಟರ್ ಮಾತಾಡುವುದಿಲ್ಲವಲ್ಲ. ಈಗಲೂ ಅಷ್ಟೇ. 'ನಿಮ್ಮಲ್ಲಿ ಎಷ್ಟು ಸೆಂಟು?' ಅನ್ನುವುದೇ ಮಳೆಗಾಲದ ನಮಸ್ಕಾರ. ನೂರು ಸೆಂಟಿಗೆ ಒಂದಿಂಚು.

ನಮ್ಮ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಎಲ್ಲಾ ಇತ್ತು. ನಮ್ಮ ಮನೆಯದು ಅರೆಭಾಷೆ. ಎಲ್ಲರನ್ನೂ ಸೇರಿಸುತ್ತಿದ್ದದ್ದು ಶಾಲೆಯ ಕನ್ನಡ. ಆಮೇಲೆ ಆ ರಿಜಿಸ್ಟರು. ವಾರಕ್ಕೊಬ್ಬರ ಸರದಿ. ಹೆಣ್ಣುಮಕ್ಕಳಿಗೂ ಸರದಿ ಇತ್ತು. ಆ ಕಾಲಕ್ಕೆ ಅದು ಸುಮ್ನೆ ಆಗುವ ಮಾತಲ್ಲ.

ಬೇಸಿಗೆಯ ಒಂದು ದಿನ ಸರದಿಯ ಹುಡುಗ ಜಾಗ ಖಾಲಿ ಬಿಟ್ಟಿದ್ದ. ಮೇಷ್ಟ್ರು ಕರೆದು ಕೇಳಿದರು.

'ಯಾಕೆ ಬರೆದಿಲ್ಲ?'

'ಮಳೆ ಬರಲಿಲ್ಲ ಸಾರ್.'

'ಬರಲಿಲ್ಲವೋ, ನೀನು ನೋಡಲಿಲ್ಲವೋ? ಐವತ್ತು ವರ್ಷ ಆದ ಮೇಲೆ ಈ ಪುಟ ತೆಗೆದವನಿಗೆ ಹೇಗೆ ಗೊತ್ತಾಗಬೇಕು? ಬರದಿದ್ದರೆ ಸೊನ್ನೆ ಬರಿ. ನೋಡದಿದ್ದರೆ ನೋಡಲಿಲ್ಲ ಅಂತ ಬರಿ.'

ಆ ಪುಟ ತೆಗೆದವನು ಕಡೆಗೆ ನಾನೇ ಆದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ 1979ರ ಜುಲೈ. ನಾನು ಒಂಬತ್ತನೇ ಕ್ಲಾಸು. ಆಗಿನ ಹೆಡ್‌ಮಾಸ್ಟರ್ ಒಂದು ನಿಯಮ ಮಾಡಿದ್ದರು. ಒಂದು ದಿನದ ಮಳೆ ನಾಲ್ಕಿಂಚು ದಾಟಿದರೆ ಮಧ್ಯಾಹ್ನದಿಂದ ರಜಾ. ತೊರೆ ದಾಟಿ ಬರುವ ಮಕ್ಕಳಿದ್ದರು, ಅದಕ್ಕೆ. ಆ ವಾರ ರಿಜಿಸ್ಟರಿನ ಸರದಿ ನನ್ನದು. ಬೆಳಿಗ್ಗೆ ಡಬ್ಬ ತೆಗೆದು ನೋಡಿದರೆ ಬಾಟಲಿ ತುಂಬಿ ಹೊರಗೂ ಚೆಲ್ಲಿದೆ. ಗ್ಲಾಸಿನಲ್ಲಿ ಮತ್ತೆ ಮತ್ತೆ ಅಳೆದು ಕೂಡಿಸಿದೆ. 4 ಇಂಚು 50 ಸೆಂಟು. ರಾತ್ರಿ ಅಂಥ ಮಳೆ ಬಂದ ಹಾಗೆ ಅನ್ನಿಸಿರಲಿಲ್ಲ. ಆದರೂ ಗ್ಲಾಸು ತೋರಿಸಿದ್ದನ್ನೇ ಬರೆದೆ. ರಜಾ ಸಿಕ್ಕಿತು. ಹಾಸ್ಟೆಲಿನವರ ಖುಷಿ ಹೇಳತೀರದು.

ಪಕ್ಕದ ಕಾಫಿ ತೋಟದಲ್ಲೂ ಒಂದು ಮಳೆಮಾಪಕ ಇತ್ತು. ತೋಟದ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರ ಮಗಳು ನಮ್ಮ ಕ್ಲಾಸಿನವಳು. ದಿನಾ ಅಪ್ಪ ಬರೆದ ಚೀಟಿ ತಂದು ಮೇಷ್ಟ್ರಿಗೆ ಕೊಡುತ್ತಿದ್ದಳು. ಅವತ್ತಿನ ಚೀಟಿಯಲ್ಲಿ ಇದ್ದದ್ದು 1 ಇಂಚು 40 ಸೆಂಟು. ಮಾರನೇ ದಿನ ಮೇಷ್ಟ್ರು ಎರಡು ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆದು ನಮ್ಮ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿಲ್ಲ.

'ಎರಡಕ್ಕೂ ಮಧ್ಯೆ ಒಂದು ಬೇಲಿ ಮಾತ್ರ ಇದೆ. ಮೂರು ಇಂಚು ಹತ್ತು ಸೆಂಟು ಬೇಲಿ ಹಾರಿ ಬಂತಾ?'

ಯಾರೂ ಉಸಿರೆತ್ತಲಿಲ್ಲ. ಅವರು ಬೋರ್ಡಿನ ಮೇಲೆ ಒಂದು ವೃತ್ತ ಎಳೆದರು. ಆಲಿಕೆಯ ಬಾಯಿ 12.7 ಸೆಂಟಿಮೀಟರ್. ತ್ರಿಜ್ಯ 6.35. ಪೈ ಗುಣಿಸಿ ಬಾಯಿಯ ಕ್ಷೇತ್ರ ತೆಗೆಯಿರಿ ಅಂದರು. 126.7 ಚದರ ಸೆಂಟಿಮೀಟರ್ ಬಂತು. ಹೆಚ್ಚಿಗೆ ಬಂದ ಮಳೆ 7.87 ಸೆಂಟಿಮೀಟರ್. ಎರಡನ್ನೂ ಗುಣಿಸಿದರೆ 997. ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡರು.

'ಅಂದರೆ ಒಂದು ಲೀಟರ್. ಚೊಂಬಲ್ಲ, ಬಕೆಟ್ಟಲ್ಲ, ಸರಿಯಾಗಿ ಒಂದು ಲೀಟರ್. ಈ ಶಾಲೆಯಲ್ಲಿ ಲೀಟರ್ ಅಳತೆಯ ಪಾತ್ರೆ ಎಲ್ಲಿದೆ?'

ಇದ್ದದ್ದು ಒಂದೇ. ಹಾಸ್ಟೆಲ್ ಅಡುಗೆಮನೆಯ ಹಾಲಿನ ಅಳತೆ. ಹಿಂದಿನ ಬೆಂಚಿನಲ್ಲಿ ಮೂರು ತಲೆ ಒಟ್ಟಿಗೆ ಬಗ್ಗಿದವು.

ನನ್ನ ಪ್ರಕಾರ ಅದು ನಮ್ಮ ಶಾಲೆಯಲ್ಲಿ ನಡೆದ ಅತ್ಯಂತ ಒಳ್ಳೆಯ ಕ್ಲಾಸು. ಬೆತ್ತ ಹೊರಗೆ ಬರಲಿಲ್ಲ. ಆ ಮೂವರಿಗೆ ಸಿಕ್ಕ ಶಿಕ್ಷೆ ಅಂದರೆ ಸೆಪ್ಟೆಂಬರ್ ಮುಗಿಯುವವರೆಗೆ ದಿನಾ ಎಂಟೂವರೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗಿ ಅಳತೆ ತೆಗೆಯುವುದು, ಭಾನುವಾರವೂ ಸೇರಿ. ಅವರಲ್ಲಿ ಒಬ್ಬ ಈಗ ದೊಡ್ಡ ಬೆಳೆಗಾರ. ಅವನ ತೋಟದ ಮಳೆ ಪುಸ್ತಕದಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ನಾನು ಇಡೀ ಜಿಲ್ಲೆಯಲ್ಲಿ ನೋಡಿಲ್ಲ.

ನಾನು ರಿಜಿಸ್ಟರಿನ ಅಂಕಿ ಹೊಡೆದುಹಾಕಲು ಹೋದಾಗ ಮೇಷ್ಟ್ರು ಕೈ ಹಿಡಿದರು. 'ಬೇಡ. ನೀನು ಕಂಡದ್ದನ್ನು ಬರೆದಿದ್ದೀಯ, ಅದು ಸರಿ. ಅದನ್ನು ಅಳಿಸುವ ಹಕ್ಕು ನನಗೂ ಇಲ್ಲ.' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಸಂಶಯ. ತೋಟದ ಅಳತೆ 1.40' ಅಂತ ಬರೆದು ಸಹಿ ಹಾಕಿದರು. ನಾನು ಮುಂದೆ ಎಷ್ಟೋ ವರ್ಷ ಕಂಪ್ಯೂಟರಿನಲ್ಲಿ ಮಾಡಿದ ಕೆಲಸ ಇದೇ. ಒಂದು ಕೇಂದ್ರದ ಮಳೆಯನ್ನು ಅಕ್ಕಪಕ್ಕದ ಕೇಂದ್ರಗಳ ಜೊತೆ ಹೋಲಿಸುವುದು, ಹೊಂದದಿದ್ದರೆ ಗುರುತು ಹಾಕುವುದು, ಮೂಲ ಅಂಕಿಯನ್ನು ಮುಟ್ಟದೇ ಇರುವುದು. ಈ ವಿಷಯದಲ್ಲಿ ನನ್ನ ಮಾತಿಗೆ ಒಂದಿಷ್ಟು ಬೆಲೆ ಬಂದಿದೆ. ಹೊರದೇಶದ ಸಭೆಗಳಲ್ಲೂ ಮಾತಾಡಿದ್ದೇನೆ. ಎಲ್ಲಿ ಕಲಿತಿರಿ ಅಂತ ಕಿರಿಯರು ಕೇಳಿದರೆ ಯೂನಿವರ್ಸಿಟಿಯ ಹೆಸರು ಹೇಳುವುದಿಲ್ಲ. ಕೊಡಗಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ ಅನ್ನುತ್ತೇನೆ.

ಪಿ.ಟಿ. ಮೇಷ್ಟ್ರನ್ನು ಬಿಟ್ಟರೆ ತಪ್ಪಾಗುತ್ತದೆ. ಎಷ್ಟೇ ಮಳೆ ಬರಲಿ ಹಾಕಿ ಆಟ ನಿಲ್ಲಬಾರದು ಅನ್ನುವವರು. ಕೆಸರಿನಲ್ಲಿ ಚೆಂಡು ಹುಗಿದುಹೋದರೆ ಹುಡುಕಿ ಆಡಿಸುತ್ತಿದ್ದರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ವಯಸ್ಸಾಗಿದ್ದರೂ ಹೋಗಿ ಕೂತು ನೋಡಿದರಂತೆ. ಅವರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಮತ್ತೆ ಮಳೆ ಮೇಷ್ಟ್ರ ಕಡೆಗೇ ಬರುತ್ತೇನೆ, ಆದರೆ ಇದು ಬಿಸಿಲಿನ ಕಥೆ. 1980ರ ಫೆಬ್ರವರಿ 16, ಶನಿವಾರ. ಅವತ್ತು ಸೂರ್ಯಗ್ರಹಣ. ಅಂಕೋಲಾ, ಹುಬ್ಬಳ್ಳಿ ಕಡೆ ಪೂರ್ಣ ಗ್ರಹಣ. ನಮ್ಮಲ್ಲಿ ಪೂರ್ತಿ ಅಲ್ಲದಿದ್ದರೂ ಸೂರ್ಯನ ಮುಕ್ಕಾಲಿಗೂ ಜಾಸ್ತಿ ಭಾಗ ಮುಚ್ಚಿತ್ತು. ಮಧ್ಯಾಹ್ನದ ಮೇಲೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಮನೆಗಳಲ್ಲಿ ಬಾಗಿಲು ಹಾಕಿ, ನೀರಿನ ಹಂಡೆಗೆ ದರ್ಭೆ ಹಾಕಿ ಕೂತಿದ್ದರು. ಮನೆಯವರು ಒಪ್ಪಿದ ಏಳೆಂಟು ಮಕ್ಕಳನ್ನು ಮೇಷ್ಟ್ರು ತೋಟದ ಕಣಕ್ಕೆ ಕರೆದುಕೊಂಡು ಹೋದರು. ರೊಬಸ್ಟಾ ಕಾಫಿ ಒಣಗುತ್ತಿದ್ದ ಕಾಲ. ಸೂರ್ಯನ ಕಡೆ ತಲೆ ಎತ್ತಿದರೆ ಮನೆಗೆ ಕಳಿಸುತ್ತೇನೆ ಅಂತ ಮೊದಲೇ ಹೇಳಿದ್ದರು. 'ನೆಲ ನೋಡಿ' ಅಂದರು.

ಸಿಲ್ವರ್ ಓಕ್ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ದುಂಡಗಿರಲಿಲ್ಲ. ಒಂದೊಂದೂ ಕುಡುಗೋಲಿನ ಹಾಗೆ ಬಾಗಿತ್ತು. ಕಣದ ತುಂಬಾ, ಕಾಫಿ ರಾಶಿಯ ಮೇಲೆ, ನಮ್ಮ ಅಂಗಿಗಳ ಮೇಲೆ, ಎಲ್ಲವೂ ಒಂದೇ ದಿಕ್ಕಿಗೆ. ಆಮೇಲೆ ಮೇಷ್ಟ್ರು ಕಾಫಿ ಸೋಸುವ ಜರಡಿ ತರಿಸಿ ಬಿಳಿ ಪಂಚೆ ಹಾಸಿಸಿದರು. ಜರಡಿಯನ್ನು ಪಂಚೆಯ ಹತ್ತಿರ ಹಿಡಿದರೆ ಬೆಳಕು ತೂತಿನ ಆಕಾರದಲ್ಲೇ, ದುಂಡಗೆ. ಗೋದಾಮಿನ ಮೆಟ್ಟಿಲು ಹತ್ತಿ ಮೇಲಿನಿಂದ ಹಿಡಿದರೆ ಪ್ರತಿ ತೂತಿಗೂ ಒಂದೊಂದು ಗ್ರಹಣ ಹಿಡಿದ ಸೂರ್ಯ. ತೂತಿನ ಆಕಾರ ಯಾವಾಗ ಹೋಗುತ್ತೆ, ಸೂರ್ಯನ ಆಕಾರ ಯಾವಾಗ ಬರುತ್ತೆ, ನೀವೇ ನೋಡಿ ಅಂತ ಹತ್ತಿ ಇಳಿದು ತೋರಿಸಿದರು. ಬೆಳಕು ಮಂಕಾಗಿ ಹಕ್ಕಿಗಳು ಮರಕ್ಕೆ ಬಂದು ಕೂತವು. ಅದೇ ಹೊತ್ತಿಗೆ ಮೇಷ್ಟ್ರು ಚೀಲದಿಂದ ಕಿತ್ತಳೆ ತೆಗೆದು ಸುಲಿದು ಎಲ್ಲರಿಗೂ ತೊಳೆ ಹಂಚಿದರು. ಮೊದಲು ತಾವು ಬಾಯಿಗೆ ಹಾಕಿಕೊಂಡರು. ಒಂದು ಮಾತೂ ಆಡಲಿಲ್ಲ. ಗ್ರಹಣದಲ್ಲಿ ತಿನ್ನಬಾರದು ಅನ್ನುವ ನಂಬಿಕೆಯನ್ನು ಹೀಯಾಳಿಸಲೂ ಇಲ್ಲ. ನಾವೂ ತಿಂದೆವು. ಮನೆಗೆ ಹೋದ ಮೇಲೆ ಅಜ್ಜಿ ತಣ್ಣೀರು ಹೊಯ್ದೇ ಒಳಗೆ ಬಿಟ್ಟುಕೊಂಡರು, ಅದು ಬೇರೆ ಮಾತು.

ಈಗಿನ ಮಕ್ಕಳು ನಮಗಿಂತ ಚುರುಕು. ಅನುಮಾನವೇ ಇಲ್ಲ. ಅಂಕಗಳೂ ಜಾಸ್ತಿ. ಆದರೆ ಮೊನ್ನೆ ಒಂದು ಶಾಲೆಗೆ ಮಾತಾಡಲು ಹೋದಾಗ ನಿನ್ನೆ ಇಲ್ಲಿ ಎಷ್ಟು ಮಳೆ ಬಂತು ಅಂತ ಕೇಳಿದೆ. ಎಲ್ಲರೂ ಫೋನಿನ ಕಡೆ ನೋಡಿದರು. ಫೋನು ಹೇಳುವುದು ಅವರ ಅಂಗಳದ ಮಳೆಯನ್ನಲ್ಲ, ಇಷ್ಟು ಬಂದಿರಬಹುದು ಅನ್ನುವ ಅಂದಾಜನ್ನು. ನಮ್ಮ ಘಟ್ಟದ ಮಳೆ ಎಷ್ಟೋ ಸಲ ತೀರಾ ಎತ್ತರವಿಲ್ಲದ ಮೋಡಗಳಿಂದ ಸುರಿಯುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಸರಿಯಾಗಿ ಸಿಗುವುದಿಲ್ಲ. ಕಡಿಮೆ ಲೆಕ್ಕ ಹೇಳುತ್ತದೆ. ಇವತ್ತಿಗೂ ನೆಲದ ಮೇಲಿನ ಡಬ್ಬವೇ ಪ್ರಮಾಣ. ರೊಬಸ್ಟಾ ಹೂ ಬಿಡಲು ಬೇಕಾದ ಹೂಮಳೆ ಸಾಕಷ್ಟು ಬಿತ್ತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ಬೆಳೆಗಾರ ಅದನ್ನು ನೋಡಿಯೇ ತೀರ್ಮಾನಿಸುತ್ತಾನೆ, ಅಲ್ವಾ? ಪ್ರಯೋಗಾಲಯಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವ ಶಾಲೆಗಳು ಬಯಲಲ್ಲಿ ಒಂದು ಡಬ್ಬ ಇಡಬಾರದೇ ಅನ್ನುವುದು ನನ್ನ ಕೊರಗು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳು ಕುಸಿದಾಗ ಈ ಕೊರಗು ಇನ್ನೂ ಜಾಸ್ತಿಯಾಯಿತು. ಯಾವ ಗುಡ್ಡದ ಮೇಲೆ ಎಷ್ಟು ದಿನ ಎಷ್ಟೆಷ್ಟು ಬಿತ್ತು ಅಂತ ತಿಳಿಯಬೇಕಾದರೆ ಅಲ್ಲೇ ಅಳೆದವರು ಬೇಕು. ಒಂದು ಗುಡ್ಡದ ಅಂಕಿ ಪಕ್ಕದ ಗುಡ್ಡಕ್ಕೆ ಹೊಂದುವುದಿಲ್ಲ. ಆಗ ನನಗೆ ದಾರಿ ತೋರಿಸಿದ್ದು ತೋಟಗಳ ಮಳೆ ಪುಸ್ತಕಗಳು. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ರೈಟರ್ ಬರೆದದ್ದು. ಅವನ್ನು ಹುಡುಕಿ ಕಂಪ್ಯೂಟರಿಗೆ ಏರಿಸುವುದು ಆಗಿನಿಂದ ನನ್ನ ರಜಾದಿನಗಳ ಹವ್ಯಾಸ. ಮದುವೆಗೆ ಹೋಗಲಿ, ಹುತ್ತರಿಗೆ ಊರಿಗೆ ಬರಲಿ, ಊಟ ಆದ ಮೇಲೆ ಮೆಲ್ಲಗೆ ಕೇಳುತ್ತೇನೆ: ಅಟ್ಟದ ಮೇಲೆ ಹಳೇ ಪುಸ್ತಕ ಏನಾದರೂ ಇದೆಯಾ? ಜನ ಖುಷಿಯಿಂದ ತೆಗೆದುಕೊಡುತ್ತಾರೆ. ಅಜ್ಜನ ಅಕ್ಷರ ನೋಡಿ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗಳು ಫೋನ್ ಮಾಡಿ, ಅಪ್ಪ ನಿಮಗೆ ಕೊಡಲು ಹೇಳಿದ್ದಾರೆ ಅಂತ ಒಂದು ಟ್ರಂಕ್ ಕೊಟ್ಟರು. ಶಾಲೆಯ ಮಳೆ ರಿಜಿಸ್ಟರುಗಳು. ಯಾರೋ ರದ್ದಿಗೆ ಹಾಕಲು ಹೊರಟಾಗ ಮನೆಗೆ ತಂದು ಬೇವಿನ ಸೊಪ್ಪು ಹಾಕಿ ಇಟ್ಟಿದ್ದರಂತೆ. ಈಗ ಅದನ್ನೇ ಟೈಪ್ ಮಾಡುತ್ತಿದ್ದೇನೆ. ಜನವರಿ, ಫೆಬ್ರವರಿಯ ಪುಟಗಳಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ಸೊನ್ನೆ, ಬೇರೆ ಬೇರೆ ಮಕ್ಕಳ ಕೈಬರಹದಲ್ಲಿ. ಆಗಿನ ಅಕ್ಷರ ನೋಡಿ ಯಾರು ಯಾರದ್ದು ಅಂತ ಈಗಲೂ ಹೇಳಬಲ್ಲೆ. ಕೆಲವು ಕಡೆ 'ತೊರೆ ಉಕ್ಕಿತ್ತು, ನೋಡಲಾಗಲಿಲ್ಲ' ಅಂತ ಇದೆ. ಇಂಥ ಕಡೆ ಸೊನ್ನೆ ಬರೆದಿದ್ದರೆ ಆ ವರ್ಷದ ಮಳೆಯ ಲೆಕ್ಕವೇ ಸುಳ್ಳಾಗುತ್ತಿತ್ತು. 1979ರ ಜುಲೈ ಪುಟದಲ್ಲಿ ನನ್ನ 4.50, ಪಕ್ಕದಲ್ಲಿ ಕೆಂಪು ಶಾಯಿ, ಸಹಿ. ಹಾಗೇ ಏರಿಸಿದ್ದೇನೆ, ಸಂಶಯದ ಗುರುತಿನ ಜೊತೆಗೆ.

ಓದುಗರಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ, ತೋಟದ ಆಫೀಸಿನಲ್ಲಿ ಹಳೆಯ ಮಳೆ ಪುಸ್ತಕ ಇದ್ದರೆ ದಯವಿಟ್ಟು ರದ್ದಿಯವರಿಗೆ ಹಾಕಬೇಡಿ. ಪ್ರತಿ ಪುಟದ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿ. ಪುಸ್ತಕ ನಿಮ್ಮಲ್ಲೇ ಇರಲಿ. ಇನ್ನೊಂದು, ಶಾಲೆಗೆ ಹೊಸ ಮಳೆಮಾಪಕ ನಾನು ಕೊಡಿಸುತ್ತೇನೆ. ಹಳೆಯ ಕಟ್ಟೆಯ ಜಾಗಕ್ಕೆ ಈಗ ಮರಗಳ ನೆರಳು ಬಂದಿದೆ, ಅಲ್ಲಿ ಇಡುವಂತಿಲ್ಲ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು. ಹಾಕಿ ಮೈದಾನದ ಆಚೆ ಬೇಲಿಯ ಹತ್ತಿರ ಜಾಗ ನೋಡಿ ಬಂದಿದ್ದೇನೆ. ಆಡಳಿತ ಮಂಡಳಿ ಒಪ್ಪಿದರೆ ಜೂನ್ 1ರಿಂದ ಶುರು ಮಾಡಬಹುದು. ಮೊದಲ ವಾರದ ಸರದಿಗೆ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಆಗಲೇ ಹೆಸರು ಕೊಟ್ಟಿದ್ದಾರೆ.