ಟಾಹೋ ಸರೋವರದ ದಡದಲ್ಲಿ ಎಳ್ಳು ಬೀರಿದೆವು

ತಿನ್ನುವ ಯಾವ ಪದಾರ್ಥವನ್ನೂ ಕಾರಿನಲ್ಲಿ ಬಿಡಬೇಡಿ ಎಂದು ಲಾಡ್ಜಿನವರು ಬೀಗದ ಕೈ ಕೊಡುವಾಗಲೇ ಹೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿರುವ ಟಾಹೋ ಸರೋವರದ ಸುತ್ತಲಿನ ಕಾಡಿನಲ್ಲಿ ಕಪ್ಪು ಕರಡಿಗಳಿವೆ. ಚಳಿಗಾಲವೆಂದು ಅವೆಲ್ಲವೂ ಮಲಗಿಬಿಡುವುದಿಲ್ಲ. ವಾಸನೆ ಹತ್ತಿದರೆ ಕಾರಿನ ಬಾಗಿಲನ್ನೇ ತೆರೆದು ನುಗ್ಗುತ್ತವೆಯಂತೆ. ಹಾಗಾಗಿ ಕಬ್ಬು, ಬೆಲ್ಲ, ಗೆಣಸು, ಅವರೆಕಾಳು, ಕುಕ್ಕರ್ ಎಲ್ಲವನ್ನೂ ಮೊಣಕಾಲುದ್ದದ ಹಿಮದಲ್ಲಿ ಹೊತ್ತು ಒಳಗೆ ತಂದೆವು. ಸಕ್ಕರೆ ಅಚ್ಚಿನ ಡಬ್ಬಿಯನ್ನು ಮಾತ್ರ ಅಮ್ಮ ಯಾರ ಕೈಗೂ ಕೊಡದೆ ಶಾಲಿನೊಳಗೆ ಅವಚಿಕೊಂಡು ಬಂದಳು.

ಇದು 2024ರ ಸಂಕ್ರಾಂತಿಯ ಮಾತು. ಜನವರಿ 15, ಸೋಮವಾರ, ಇಲ್ಲಿ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಊರಿನ ಪಂಚಾಂಗದಲ್ಲಿಯೂ ಅಂದೇ ಹಬ್ಬ. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಊರಿನಿಂದ ದೀಪಾವಳಿಗೆ ಬಂದಿದ್ದ ಅಮ್ಮನಿಗೆ ಒಮ್ಮೆ ಹಿಮವನ್ನು ನೋಡಬೇಕೆಂಬ ಆಸೆಯಿತ್ತು. ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಫ್ರೀಮಾಂಟಿನಿಂದ ಸರೋವರಕ್ಕೆ ಸುಮಾರು 350 ಕಿಲೋಮೀಟರ್ ದೂರ. ಡಾನರ್ ಕಣಿವೆಯ ದಾರಿಯಲ್ಲಿ ಚಕ್ರಗಳಿಗೆ ಸರಪಳಿ ಬಿಗಿದುಕೊಂಡು ಟಾಹೋ ಸಿಟಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು.

ಅಚ್ಚುಗಳನ್ನು ಅಮ್ಮ ಹಿಂದಿನ ವಾರವೇ ಫ್ರೀಮಾಂಟಿನ ಮನೆಯಲ್ಲಿ ಎರೆದಿದ್ದಳು. ಅಜ್ಜಿಯ ಕಾಲದ ಮರದ ಅಚ್ಚುಮಣೆಗಳನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು: ಹಂಸ, ಗೋಪುರ, ಬಾಲದ ತುದಿ ಮುಕ್ಕಾದ ಒಂದು ಮೀನು. ಆ ಮುಕ್ಕು ನಾನು ಹುಟ್ಟುವ ಮೊದಲೇ ಆದದ್ದು. ನಾನು ಬಾಲ್ಯದಲ್ಲಿ ತಿಂದ ಸಕ್ಕರೆ ಮೀನುಗಳಿಗೆಲ್ಲ ಬಾಲ ಅಷ್ಟೇ ಇತ್ತು, ನನ್ನ ಮಗಳು ತಿಂದದ್ದಕ್ಕೂ ಅಷ್ಟೇ.

ಹಬ್ಬವನ್ನು ಇಲ್ಲಿ ಯಾವ ದಿನ ಮಾಡುವುದು ಎಂಬ ಪ್ರಶ್ನೆಯನ್ನು ಅಮ್ಮನೇ ಬೆರಳು ಮಡಿಸಿ ಬಗೆಹರಿಸಿದಳು. ಪಂಚಾಂಗದ ಪ್ರಕಾರ ಸೂರ್ಯ ಮಕರಕ್ಕೆ ಕಾಲಿಡುವುದು ಊರಿನಲ್ಲಿ ಸೋಮವಾರ ಬೆಳಗಿನ ಜಾವ 2.54ಕ್ಕೆ. ನಾವು ಹದಿಮೂರೂವರೆ ಗಂಟೆ ಹಿಂದೆ. ಅಂದರೆ ಇಲ್ಲಿ ಭಾನುವಾರ ಮಧ್ಯಾಹ್ನ 1.24. "ಸೂರ್ಯನಿಗೆ ಒಂದೇ ಹೊತ್ತು ಕಣಮ್ಮ, ನಮ್ಮ ಗಡಿಯಾರಗಳಷ್ಟೇ ಬೇರೆ" ಎಂದು ಭಾನುವಾರವೇ ಹುಗ್ಗಿಗೆ ಇಟ್ಟಳು. ಸರೋವರವಿರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬರಿಯ ಪಾತ್ರೆಯಲ್ಲಿಟ್ಟ ಅವರೆಕಾಳು ಎಷ್ಟು ಹೊತ್ತಾದರೂ ಬೇಯಲಿಲ್ಲ. ಕೊನೆಗೆ ಕುಕ್ಕರಿಗೇ ಹಾಕಬೇಕಾಯಿತು.

ಒಂದೂವರೆಗೆ ದಡಕ್ಕೆ ಇಳಿದೆವು. ಹಬ್ಬದ ದಿನ ಕಾವೇರಿಯಲ್ಲಿ ಮುಳುಗಿ ಅಭ್ಯಾಸವಿರುವವಳು ಅಮ್ಮ. ಇಷ್ಟು ಹಿಮದ ನಡುವೆ ನೀರು ಹೇಗೆ ಹೆಪ್ಪುಗಟ್ಟಿಲ್ಲ ಎಂದು ಬೆರಗಾದಳು. ಟಾಹೋದ ಆಳ 501 ಮೀಟರ್. ಮೇಲಿನ ನೀರು ತಣ್ಣಗಾದಂತೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ಅಷ್ಟೂ ನೀರು ತಣಿಯುವುದರೊಳಗೆ ಚಳಿಗಾಲವೇ ಕಳೆದಿರುತ್ತದೆ. ಅಮ್ಮ ಕೈಗವಸು ಕಳಚಿ, ಬಗ್ಗಿ, ಬೊಗಸೆ ತುಂಬ ನೀರು ತೆಗೆದುಕೊಂಡಳು. ಪೈನ್ ಮರಗಳ ಮೇಲಿದ್ದ ಸೂರ್ಯನ ಕಡೆ ತಿರುಗಿ ಮೂರು ಸಲ ಅರ್ಘ್ಯ ಬಿಟ್ಟಳು. ಬೆರಳುಗಳು ಕೆಂಪಾಗಿ ನಡುಗುತ್ತಿದ್ದವು. ನಾನು ಅವುಗಳನ್ನು ನನ್ನ ಕೋಟಿನ ಜೇಬಿನೊಳಗೆ ಸೇರಿಸಿಕೊಂಡೆ.

"ಈ ನೀರು ಎಲ್ಲಿಗೆ ಹರಿಯುತ್ತದೆ?" ಎಂದಳು. ಸರೋವರದಿಂದ ಹೊರಡುವುದು ಟ್ರಕೀ ನದಿಯೊಂದೇ, ಅದೂ ಟಾಹೋ ಸಿಟಿಯಿಂದಲೇ. ಅದು ಸಮುದ್ರ ಸೇರುವುದಿಲ್ಲ. ನೆವಾಡಾದ ಮರುಭೂಮಿಯಲ್ಲಿ ಪಿರಮಿಡ್ ಎಂಬ ಇನ್ನೊಂದು ಸರೋವರದಲ್ಲಿ ಕೊನೆಗೊಳ್ಳುತ್ತದೆ. ದಾರಿಯಲ್ಲಿ ಒಂದಿಷ್ಟು ನೀರನ್ನು ಕಾಲುವೆಗೆ ತಿರುಗಿಸಿ ಕುದುರೆಮೆಂತ್ಯ ಬೆಳೆಯುತ್ತಾರೆ, ಅದು ದನಗಳ ಮೇವು ಎಂದೆ. ಅಮ್ಮನ ಮುಖ ಅರಳಿತು. ಊರಿನಲ್ಲಿ ಆ ಹೊತ್ತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ದಿನ ಬಂದಿತ್ತು. "ಮೇವಾಗುತ್ತದಲ್ಲ" ಎಂದು ಇನ್ನೊಮ್ಮೆ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಉಳಿದಿದ್ದು ಎಳ್ಳು ಬೀರುವುದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿದ ಪೊಟ್ಟಣಗಳನ್ನು ಹಿಡಿದು ಹೊರಟವಳನ್ನು ನಾನೇ ತಡೆದೆ. ಈ ದೇಶದಲ್ಲಿ ಕಡಲೆಕಾಯಿ ಮೈಗೆ ಒಗ್ಗದವರು ಬಹಳ ಮಂದಿ ಇದ್ದಾರೆ. 2023ರ ಜನವರಿಯಿಂದ ಎಳ್ಳೂ ಅಲರ್ಜಿ ಎಚ್ಚರಿಕೆ ಕೊಡಲೇಬೇಕಾದ ಪದಾರ್ಥಗಳ ಪಟ್ಟಿಗೆ ಸೇರಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದು ಪೊಟ್ಟಣಕ್ಕೂ ಚೀಟಿ ಬರೆದು ಅಂಟಿಸು ಎಂದಳು. ಮಗಳು ತಟ್ಟೆ ಹಿಡಿದಳು, ನಾನು ಕೇಳಿ ಕೇಳಿ ಕೊಟ್ಟೆ. ಹಿಮ ಬಾಚುವ ಗಾಡಿಯವರು ಅಲ್ಲೇ ನಿಂತು ಬಾಯಿಗೆ ಹಾಕಿಕೊಂಡು, ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದರು.

ಪಕ್ಕದ ಕೋಣೆಯ ದಂಪತಿಯ ಮಗನಿಗೆ ಕಡಲೆಕಾಯಿ ಆಗುವುದಿಲ್ಲವಂತೆ. ಅವರು ಸಂಕೋಚದಿಂದ ಬೇಡವೆಂದರು. ಆರೇಳು ವರ್ಷದ ಆ ಹುಡುಗ ನನ್ನ ಮಗಳ ತಟ್ಟೆಯನ್ನೇ ನೋಡುತ್ತಿದ್ದ. ಅಮ್ಮ ಒಳಗೆ ಹೋಗಿ ಬೇರೆ ಚಾಕು ತೊಳೆದು, ಕಬ್ಬಿನ ಒಂದು ಗೆಣ್ಣು ಕತ್ತರಿಸಿ, ಸಿಪ್ಪೆ ಹೆರೆದು ತಂದಳು. ಹುಡುಗ ಕಚ್ಚಿದ, ಅಗಿದ, ನುಂಗಲಾರದೆ ಕಣ್ಣರಳಿಸಿದ. ಅಮ್ಮನಿಗೆ ಇಂಗ್ಲಿಷ್ ಬಾರದು. ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡು, ರಸ ಹೀರಿ ತೋರಿಸಿ, ಹಿಪ್ಪೆಯನ್ನು ದೂರಕ್ಕೆ ಉಗುಳಿದಳು. ಮಕ್ಕಳಿಬ್ಬರೂ ಕುಣಿದಾಡಿದರು. ಯಾರ ಹಿಪ್ಪೆ ಹೆಚ್ಚು ದೂರ ಬೀಳುತ್ತದೆ ಎಂದು ಸಂಜೆಯವರೆಗೂ ಆಟ ನಡೆಯಿತು.

ಕತ್ತಲಾಗುವ ಮುನ್ನ ಅಮ್ಮ ಟಾರ್ಚ್ ಹಿಡಿದು ಹೊರಗೆ ಬಂದಳು. ಕರಡಿ ಬಂದೀತು ಎನ್ನುತ್ತ, ಬಿಳಿಯ ಹಿಮದ ಮೇಲೆ ಬಿದ್ದಿದ್ದ ಹಿಪ್ಪೆಯ ಚೂರುಗಳನ್ನು ಒಂದೊಂದಾಗಿ ಆಯ್ದು ಚೀಲಕ್ಕೆ ತುಂಬತೊಡಗಿದಳು. ಆ ಹುಡುಗನೂ ಬೂಟು ಹಾಕಿಕೊಂಡು ಓಡಿ ಬಂದು ಅವಳ ಜೊತೆ ಬಗ್ಗಿದ.