ಹಳ್ಳಿಯ ಶಾಲೆಗೆ ಏನು ಕೊಡಲಿ?

ಗ್ರಾಮೀಣ ಶಿಕ್ಷಣದ ಬಗ್ಗೆ ನಾನು ಬರೆಯುವುದನ್ನು ಓದಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಹಳ್ಳಿಯ ಶಾಲೆಯೊಂದಕ್ಕೆ ನೆರವಾಗಬೇಕೆಂದಿದ್ದೇನೆ, ಏನು ಕೊಟ್ಟರೆ ಒಳ್ಳೆಯದು?" ಪುಸ್ತಕವೋ, ಕಂಪ್ಯೂಟರೋ, ಗೋಡೆಗೆ ಬಣ್ಣವೋ ಎಂಬ ಆಯ್ಕೆಗಳೂ ಪ್ರಶ್ನೆಯ ಜೊತೆಗೇ ಬರುತ್ತವೆ. ಏನು ಕೊಡಬೇಕೆಂಬುದನ್ನು ಸ್ವಲ್ಪ ಕಾಲ ಬದಿಗಿಟ್ಟು, ಆ ಶಾಲೆಯಲ್ಲಿ ಯಾವ ಮಗು ಯಾವ ಕಾರಣಕ್ಕೆ ಹಿಂದೆ ಬಿದ್ದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಅದು ತಿಳಿದ ಮೇಲೆ ಕೊಡಬೇಕಾದದ್ದು ತಾನಾಗಿಯೇ ಸ್ಪಷ್ಟವಾಗುತ್ತದೆ, ಮತ್ತು ಬಹಳಷ್ಟು ಸಲ ಅದು ಅಂಗಡಿಯಲ್ಲಿ ಸಿಗುವ ವಸ್ತುವಾಗಿರುವುದಿಲ್ಲ.

ಪುಸ್ತಕದ ವಿಚಾರವನ್ನೇ ನೋಡೋಣ. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಹಂಚಲಾಯಿತು. ಅದರ ಪರಿಣಾಮವನ್ನು ಮುಂದೆ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್ ಮತ್ತು ಅವರ ಸಹೋದ್ಯೋಗಿಗಳು ಅಳೆದು ನೋಡಿದಾಗ, ಮಕ್ಕಳ ಸರಾಸರಿ ಅಂಕಗಳು ಏರಿರಲಿಲ್ಲ; ಮೊದಲೇ ಚೆನ್ನಾಗಿ ಓದುತ್ತಿದ್ದ ಕೆಲವರಿಗೆ ಮಾತ್ರ ಪ್ರಯೋಜನವಾಗಿತ್ತು. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ಅನೇಕ ಮಕ್ಕಳಿಗೆ ಅದು ಮೂರನೆಯ ಭಾಷೆ. ಓದಲು ಬಾರದ ಮಗುವಿನ ಕೈಗೆ ಹೊಸ ಪುಸ್ತಕ ಬಂದರೂ ಅದರ ಕಷ್ಟ ಹಾಗೆಯೇ ಉಳಿಯುತ್ತದೆ.

ಈ ಕಷ್ಟ ಹೊರಗಿನಿಂದ ಬಂದವರ ಕಣ್ಣಿಗೆ ಸುಲಭವಾಗಿ ಬೀಳುವುದೂ ಇಲ್ಲ. ನಾಲ್ಕನೆಯ ತರಗತಿಯ ಹುಡುಗಿಗೆ ಪಾಠ ಓದು ಎಂದರೆ ಎದ್ದು ನಿಂತು, ಪುಸ್ತಕದ ಮೇಲೆ ಬೆರಳಿಟ್ಟು, ಎಲ್ಲಿಯೂ ತಡೆಯದೆ ಪುಟ ಮುಗಿಸುತ್ತಾಳೆ. ಬಂದವರು ಸಂತೋಷದಿಂದ ಬೆನ್ನು ತಟ್ಟುತ್ತಾರೆ. ಆದರೆ ಅದೇ ಪುಟದ ನಡುವಿನ ಒಂದು ಪದವನ್ನು ತೋರಿಸಿ "ಇದೇನು?" ಎಂದು ಕೇಳಿದರೆ ಅವಳು ಸುಮ್ಮನಾಗುತ್ತಾಳೆ, ಇಲ್ಲವೇ ಸಾಲಿನ ಮೊದಲಿಗೆ ಹೋಗಿ ಬಾಯಿಪಾಠವನ್ನು ಮತ್ತೆ ಹೇಳಿಕೊಂಡು ಆ ಪದದ ಹತ್ತಿರ ಬರಲು ಯತ್ನಿಸುತ್ತಾಳೆ. ಅವಳಿಗೆ ಗೊತ್ತಿರುವುದು ಪಾಠದ ಧ್ವನಿ ಮಾತ್ರ, ಅಕ್ಷರಗಳು ಇನ್ನೂ ಗುರುತಾಗಿಲ್ಲ. ಇಂಥ ಮಗು ಹಾಜರಾತಿ ಪುಸ್ತಕದಲ್ಲಿ ದಿನವೂ ಹಾಜರಿರುತ್ತದೆ, ತರಗತಿಯಿಂದ ತರಗತಿಗೆ ತೇರ್ಗಡೆಯಾಗುತ್ತದೆ, ಹೈಸ್ಕೂಲಿನ ಹೊತ್ತಿಗೆ ಯಾರಿಗೂ ಹೇಳದೆ ಶಾಲೆ ಬಿಡುತ್ತದೆ.

ಇದಕ್ಕೆ ಶಿಕ್ಷಕರನ್ನು ದೂರುವುದು ನನಗೆ ಅನ್ಯಾಯವೆನಿಸುತ್ತದೆ. ಸಣ್ಣ ಹಳ್ಳಿಯ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಬಹುವರ್ಗ ಬೋಧನೆ ಮಾಡಬೇಕಾಗುತ್ತದೆ. ದಾಖಲೆ ಬರೆಯುವುದೂ ಮೇಲಿನವರು ಕೇಳಿದ ಮಾಹಿತಿ ಕಳಿಸುವುದೂ ಅವರದೇ ಕೆಲಸ. ಪಠ್ಯ ಮುಗಿಸುವ ಒತ್ತಡದಲ್ಲಿರುವವರಿಗೆ, ಎರಡು ವರ್ಷ ಹಿಂದೆ ಬಿದ್ದ ಮಗುವಿನ ಪಕ್ಕ ಕುಳಿತು ಅಕ್ಷರದಿಂದ ಶುರುಮಾಡಲು ಹೊತ್ತೆಲ್ಲಿದೆ? ಈ ವಾಸ್ತವವನ್ನು ಒಪ್ಪಿಕೊಂಡೇ ಕಟ್ಟಿದ ಪದ್ಧತಿಯೂ ಉಂಟು. 1970ರ ದಶಕದಲ್ಲಿ ಕೊಲಂಬಿಯಾದಲ್ಲಿ ಆರಂಭವಾದ ಎಸ್ಕ್ವೆಲಾ ನುವೆವಾ ಶಾಲೆಗಳಲ್ಲಿ ಮಕ್ಕಳು ಕಲಿಕಾ ಕೈಪಿಡಿಗಳನ್ನು ಹಿಡಿದು, ಗುಂಪುಗಳಲ್ಲಿ, ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಶಿಕ್ಷಕರು ಗುಂಪಿನಿಂದ ಗುಂಪಿಗೆ ನಡೆದು, ತಡವರಿಸುತ್ತಿರುವ ಮಗುವಿಗೆ ಹೆಚ್ಚು ಸಮಯ ಕೊಡುತ್ತಾರೆ.

ಹೊರಗಿನವರು ನಿಜವಾಗಿ ಕೈಜೋಡಿಸಬಹುದಾದ ಜಾಗ ಇದೇ ಎಂದು ನಾನು ನಂಬಿದ್ದೇನೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ಬಗೆಯ ಪ್ರಯತ್ನಗಳನ್ನು ಹೋಲಿಸಿತು. ಗ್ರಾಮ ಶಿಕ್ಷಣ ಸಮಿತಿಯ ಹಕ್ಕು ಮತ್ತು ಹೊಣೆಗಳನ್ನು ಜನರಿಗೆ ತಿಳಿಸಿದ್ದರಿಂದ ಮಕ್ಕಳ ಕಲಿಕೆ ಬದಲಾಗಲಿಲ್ಲ. ಮಕ್ಕಳ ಓದನ್ನು ಊರಿನವರೇ ಪರೀಕ್ಷಿಸುವುದನ್ನು ಕಲಿಸಿದ್ದರಿಂದಲೂ ಬದಲಾಗಲಿಲ್ಲ. ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸರಳ ವಿಧಾನದ ತರಬೇತಿ ಕೊಟ್ಟು, ಶಾಲೆಯ ಅವಧಿಯ ಹೊರಗೆ ಓದುವ ಶಿಬಿರಗಳನ್ನು ನಡೆಸಿದಾಗ ಮಾತ್ರ, ಅಲ್ಲಿಗೆ ಬಂದ ಮಕ್ಕಳ ಓದು ಸ್ಪಷ್ಟವಾಗಿ ಸುಧಾರಿಸಿತು. ಶಿಬಿರಕ್ಕೆ ಬಂದ ಮಕ್ಕಳು ಕಡಿಮೆ ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಹಾಗಾಗಿ ಶಿಬಿರ ತೆರೆದರಷ್ಟೇ ಸಾಲದು. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವವರೂ ಬೇಕು, ಸಾಧ್ಯವಾದರೆ ಶಾಲೆಯ ವೇಳಾಪಟ್ಟಿಯಲ್ಲೇ ಇಂಥ ಓದಿಗೆ ಜಾಗ ಸಿಗಬೇಕು.

ಕೆಲವು ಅಡ್ಡಿಗಳು ಶಾಲೆಯ ಗೋಡೆಗಳ ಆಚೆಗಿವೆ. ದೂರ ಅವುಗಳಲ್ಲಿ ಮುಖ್ಯವಾದುದು. ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆಯನ್ನು ಬಿಹಾರ 2006ರಲ್ಲಿ ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನದ ಪ್ರಕಾರ ಸರಿಯಾದ ವಯಸ್ಸಿನಲ್ಲಿ ಪ್ರೌಢಶಾಲೆಗೆ ದಾಖಲಾದ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಮತ್ತು ಏರಿಕೆ ಬಹುಮಟ್ಟಿಗೆ ಕಂಡದ್ದು ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಇಲ್ಲಿ ವಸ್ತುವೇ ಸರಿಯಾದ ಉತ್ತರವಾಯಿತು, ಏಕೆಂದರೆ ಅಡ್ಡಿಯೇ ದೂರವಾಗಿತ್ತು. ಆರೋಗ್ಯದ ವಿಷಯವೂ ಹಾಗೆಯೇ: ಕೀನ್ಯಾದಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು ಎಂದು ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ 2004ರಲ್ಲಿ ವರದಿ ಮಾಡಿದರು. ಅಂಕಗಳು ಮಾತ್ರ ಏರಲಿಲ್ಲ; ಶಾಲೆಗೆ ಬಂದ ಮಗುವಿಗೆ ಕಲಿಸುವ ಕೆಲಸ ಬೇರೆಯೇ ಉಳಿದಿತ್ತು.

ಆದ್ದರಿಂದ ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಇದು. ಖಾಲಿ ಕೈಯಲ್ಲಿ ಒಮ್ಮೆ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಜೊತೆ ಕುಳಿತು, ಯಾವ ಮಕ್ಕಳು ಓದಲಾರರು, ಯಾರು ಪದೇ ಪದೇ ಗೈರಾಗುತ್ತಾರೆ, ಕಳೆದ ವರ್ಷ ಮುಂದಿನ ಶಾಲೆಗೆ ಹೋಗದೆ ಉಳಿದವರು ಯಾರು ಎಂದು ಕೇಳಿ. ಹತ್ತಿರದಲ್ಲಿ ಇರುವವರಾದರೆ ವಾರಕ್ಕೆ ಎರಡು ಸಂಜೆಯಾದರೂ ಬಿಡದೆ ಹೋಗಿ. ಕೆಲವು ವಾರ ಉತ್ಸಾಹದಿಂದ ಬಂದು ನಿಲ್ಲಿಸುವವರಿಂದ ಮಕ್ಕಳಿಗೆ ನೋವೇ ಹೆಚ್ಚು. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ದಾಟುತ್ತಿರುವ ಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಬೇಕಾದ ಪ್ರಮಾಣಪತ್ರಗಳನ್ನು ಹೊಂದಿಸಲು ನೆರವಾಗಿ. ದೂರದಲ್ಲಿದ್ದು ಹಣವನ್ನಷ್ಟೇ ಕೊಡಬಲ್ಲವರು, ಆ ಊರಿನಲ್ಲೇ ಓದಿ ಅಲ್ಲಿಯೇ ಇರುವ ಯುವತಿಯೊಬ್ಬಳಿಗೆ ತರಬೇತಿಯನ್ನೂ ತಿಂಗಳ ಗೌರವಧನವನ್ನೂ ಕೊಟ್ಟು, ಕನಿಷ್ಠ ಎರಡು ವರ್ಷ ಓದುವ ತರಗತಿ ನಡೆಯುವಂತೆ ನೋಡಿಕೊಳ್ಳಿ. ದಾನಿಗಳ ಹೆಸರಿನ ಫಲಕ ಅದಕ್ಕೆ ಬೇಕಾಗಿಲ್ಲ. ಆರು ತಿಂಗಳಾದ ಮೇಲೆ, ಆ ಮಕ್ಕಳು ಹಿಂದೆಂದೂ ನೋಡದ ಒಂದು ಪುಟವನ್ನು ಮುಂದಿಟ್ಟು ಓದಿಸಿ ನೋಡಿ. ಕೊಟ್ಟ ಹಣದ ಲೆಕ್ಕ ಅಲ್ಲಿಯೇ ಸಿಗುತ್ತದೆ.