ಸುಮ್ನೆ ಜೊತೆಗೆ ಕೂರುವುದು

ಗೆಳತಿಯ ತಾಯಿ ತೀರಿಕೊಂಡು ಹತ್ತು ದಿನವಾಯಿತು. ಸುದ್ದಿ ಬಂದಾಗ ನಾನು ಕಳಿಸಿದ್ದು ಇಷ್ಟೇ: "ಪ್ರಾರ್ಥನೆ ಮಾಡುತ್ತೇನೆ, ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ಮಾಡುತ್ತಾನೆ." ಆ ಎರಡನೆಯ ಮಾತು ಬೇಡವಾಗಿತ್ತು ಅಂತ ಈಗ ಅನ್ನಿಸುತ್ತಿದೆ.

ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯಲ್ಲಿ ಅವನ ಮೂವರು ಗೆಳೆಯರು ಬರುತ್ತಾರಲ್ವಾ, ಎಲೀಫಜ, ಬಿಲ್ದದ, ಚೋಫರ. ಅವರನ್ನು ಬೈಯುವವರೇ ಜಾಸ್ತಿ. ಆದರೆ ಮೊದಲ 7 ದಿನ, 7 ರಾತ್ರಿ ಅವರು ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವನ ನೋವು ಎಷ್ಟು ದೊಡ್ಡದು ಅಂತ ಅವರಿಗೆ ಕಂಡಿತ್ತು. ಎಡವಿದ್ದು ಆಮೇಲೆ, ಅವನ ನೋವಿಗೆ ಕಾರಣ ಹೇಳಲು ಬಾಯಿ ತೆರೆದಾಗ.

ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸುತ್ತೇನೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಆದರೂ ಲಾಜರನ ಸಹೋದರಿ ಮರಿಯಳು ಅಳುವುದನ್ನು ಕಂಡು ಆತನೂ ಕಣ್ಣೀರು ಬಿಟ್ಟನು (ಯೋಹಾನ 11:35). ಇನ್ನು ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತದೆ, ಅಳಬೇಡ ಅನ್ನಲಿಲ್ಲ. ಎಷ್ಟು ಸಲ ಓದಿದರೂ ಇಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ಪ್ರಾರ್ಥನೆ ಬೇಕೇ ಬೇಕು, ಅದನ್ನು ಬಿಡುವುದಿಲ್ಲ. ಆದರೆ ಹೊಟ್ಟೆಗೆ ಬಟ್ಟೆಗೆ ಇಲ್ಲದವರನ್ನು ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬನೂ ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಕೇಳುತ್ತಾನೆ. ದುಃಖದಲ್ಲಿರುವವರ ವಿಷಯದಲ್ಲೂ ಹಾಗೇ ಅಲ್ವಾ?

ಇವತ್ತು ಸಂಜೆ ಅವಳ ಮನೆಗೆ ಹೋಗಿದ್ದೆ. ಪಾತ್ರೆ ತೊಳೆದುಕೊಟ್ಟೆ. ಅವಳ ತಾಯಿಯ ಹಳೆಯ ಫೋಟೊಗಳನ್ನು ಇಬ್ಬರೂ ನೋಡುತ್ತಾ ಕೂತೆವು. ಅವಳು ಅತ್ತಳು, ನಾನೂ ಅತ್ತೆ. ಬೈಬಲ್ ವಚನ ಏನೂ ಹೇಳಲಿಲ್ಲ. ಹೊರಡುವಾಗ, "ನಾಳೆಯೂ ಬರ್ತೀಯಾ?" ಅಂತ ಕೇಳಿದಳು.